ಬೆಲೆ ಹೆಚ್ಚೆಂದರೆ ನಕಲು ನ್ಯಾಯವೇ?

ಸಾಂಗ್ಲಿಯ ಅರಿಶಿನ ಪೇಟೆಯಲ್ಲಾಗಲಿ, ಮಿರಜದ ಅಂಗಡಿಗಳಲ್ಲಾಗಲಿ, ಕೀರ್ದಿ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದು ಬಹಳ ದಿನವಾಯಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಯಾದ ಮೇಲಂತೂ ಲೆಕ್ಕದ ತಂತ್ರಾಂಶವಿಲ್ಲದೆ ವ್ಯಾಪಾರ ನಡೆಸುವುದು ಕಷ್ಟ. ಆದರೆ ಅದನ್ನು ರೊಕ್ಕ ಕೊಟ್ಟು ಕೊಂಡವರೆಷ್ಟು, ನಕಲು ಹಾಕಿಸಿಕೊಂಡವರೆಷ್ಟು ಎಂದು ಕೇಳಿದರೆ ನಮ್ಮ ಮಂದಿ ನಕ್ಕು ಮಾತು ಮರೆಸುತ್ತಾರೆ.

ಒತ್ತಿ ಕೇಳಿದರೆ ಬರುವ ಉತ್ತರ ಇದು: "ಇಪ್ಪತ್ತು ಸಾವಿರದ ಮ್ಯಾಲ ಕೊಟ್ಟು ಯಾರ್ ತಗೋತಾರ್ರಿ? ಅದರಾಗ ಅಂಗಡಿಯವನ ಕಮಿಶನ್ ಬ್ಯಾರೆ. ನಾವೇನ್ ಅವರ ಹಗೇವಿಗೆ ಕನ್ನಾ ಹಾಕೀವೇನು? ನಕಲು ಮಾಡಿದ್ರ ಅವರ ಮಾಲು ಕಡಿಮಿ ಆಗೂದಿಲ್ಲ."

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹರಿಪುರದ ಪೇವಿನಿಂದ ಒಂದು ಚೀಲ ಅರಿಶಿನ ಎತ್ತಿದರೆ ಅಲ್ಲಿ ಒಂದು ಚೀಲ ಕಡಿಮೆಯಾಗುತ್ತದೆ. ತಂತ್ರಾಂಶ ಹಾಗಲ್ಲ. ನಡುವಿನವರ ಬಗೆಗಿನ ಸಿಟ್ಟೂ ನಿಜವೇ. ಸವಾಲಿನಲ್ಲಿ ತನಗೆ ಸಿಕ್ಕ ದರಕ್ಕೂ ಶಹರದ ಅಂಗಡಿಯ ಪೊಟ್ಟಣದ ಮೇಲಿನ ದರಕ್ಕೂ ಇರುವ ಅಂತರ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ತಂತ್ರಾಂಶ ಮಾರುವವರಲ್ಲಿಯೂ ಕೆಲವರು ಮೂಲ ಬೆಲೆ ಎಷ್ಟು, ಕೂಡಿಸಿಕೊಟ್ಟ ಕೂಲಿ ಎಷ್ಟು, ವರ್ಷ ವರ್ಷದ ನವೀಕರಣಕ್ಕೆ ಎಷ್ಟು ಎಂದು ಬಿಡಿಸಿ ಹೇಳದೆ ಒಟ್ಟು ಮೊತ್ತ ಕೇಳುತ್ತಾರೆ. ಇದು ತಪ್ಪು, ಖಂಡಿತ ತಪ್ಪು.

ಆದರೂ ನಾನು ನಕಲಿನ ಪರ ನಿಲ್ಲಲಾರೆ. ಕಾರಣ ನಮ್ಮ ಪೇಟೆಯಲ್ಲೇ ಇದೆ. 2018ರಲ್ಲಿ ಸಾಂಗ್ಲಿ ಅರಿಶಿನಕ್ಕೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೂ ಸಿಕ್ಕಿತು. ಬೇರೆ ಊರಿನ ಅರಿಶಿನವನ್ನು ಯಾರೋ 'ಸಾಂಗ್ಲಿ' ಎಂದು ಚೀಟಿ ಹಚ್ಚಿ ಮಾರಿದರೆ ಇಲ್ಲಿಯ ಗೋದಾಮಿನಿಂದ ಒಂದು ಕೊಂಬೂ ಹೋಗುವುದಿಲ್ಲ. ಆದರೂ ನಾವು ಅದನ್ನು ಕಳವು ಎನ್ನುತ್ತೇವೆ. ಯಾಕೆಂದರೆ ಕಳವಾದದ್ದು ಮಾಲಲ್ಲ, ತಲೆಮಾರುಗಳ ದುಡಿಮೆಯಿಂದ ಬಂದ ಹೆಸರು. ಮಾಲು ಕಡಿಮೆಯಾಗದಿದ್ದರೂ ಕಳವಾಗುತ್ತದೆ ಎಂದು ನಮ್ಮ ಅರಿಶಿನಕ್ಕೆ ಒಪ್ಪುವುದಾದರೆ, ಇನ್ನೊಬ್ಬನ ಬುದ್ಧಿಯ ಬೆಳೆಗೂ ಒಪ್ಪಬೇಕಲ್ಲವೇ?

ನಮ್ಮ ಪೇಟೆಗೆ ಚಿರಪರಿಚಿತವಾದ 'ಟ್ಯಾಲಿ' ಅಮೆರಿಕದಿಂದ ಬಂದದ್ದಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ವ್ಯಾಪಾರಿಯಾಗಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದರು. 2020ರಲ್ಲಿ ಮಗನಿಗೆ ಪದ್ಮಶ್ರೀ ಬಂತು. ವ್ಯಾಪಾರಿಯ ತೊಂದರೆಗೆ ವ್ಯಾಪಾರಿಯ ಮನೆಯಲ್ಲೇ ಸಿಕ್ಕ ಮದ್ದು ಅದು. ಅದನ್ನು ವ್ಯಾಪಾರಿಗಳೇ ಪುಕ್ಕಟೆ ಎತ್ತಿಕೊಳ್ಳುವುದು ಶೋಭೆಯಲ್ಲ. ದೊಡ್ಡ ಕಂಪನಿ ಇದನ್ನು ತಾಳಿಕೊಂಡೀತು. ಕನ್ನಡ, ಮರಾಠಿಗಾಗಿ ತಂತ್ರಾಂಶ ಬರೆಯುವ ಸಣ್ಣವನು ತಾಳಲಾರ. ಅವನ ಗಿರಾಕಿಗಳೇ ಕೆಲವರು. ಅವರೂ ನಕಲು ಹಿಡಿದರೆ ಅವನು ಕದ ಹಾಕುತ್ತಾನೆ.

ಇನ್ನು ನಕಲಿನಿಂದ ಲಾಭ ಯಾರಿಗೆ? ಅದನ್ನು ಹಾಕಿಕೊಡುವವನಿಗೆ. ನೂರಿನ್ನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ರಿಟರ್ನ್ ತುಂಬುವ ಹೊತ್ತಿಗೆ ಕೈಕೊಟ್ಟರೆ ಆತ ಫೋನ್ ಎತ್ತುವುದಿಲ್ಲ. ಕಂಪನಿಯವರನ್ನು ಕೇಳಲು ನಮಗೆ ಬಾಯಿಲ್ಲ. ಒಬ್ಬ ದಲಾಲನನ್ನು ತಪ್ಪಿಸಲು ಹೋಗಿ ಪಾವತಿಯನ್ನೂ ಕೊಡದ ಇನ್ನೊಬ್ಬ ದಲಾಲನ ಕೈಗೆ ಬಿದ್ದಂತಾಯಿತು.

ಕಾಯಿದೆಯೂ ಸಡಿಲವಿಲ್ಲ. ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 63-ಬಿ ಕಲಮಿನಂತೆ, ಗೊತ್ತಿದ್ದೂ ನಕಲು ತಂತ್ರಾಂಶ ಬಳಸಿದವನಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೋ ಲಾಭಕ್ಕೋ ಬಳಸಿರದಿದ್ದರೆ ಜೈಲನ್ನು ಕೈಬಿಡುವ ಅಧಿಕಾರ ಕೋರ್ಟಿಗಿದೆ. ಅಂಗಡಿಯ ಲೆಕ್ಕ ಬರೆದವನಿಗೆ ಆ ರಿಯಾಯಿತಿ ಇಲ್ಲ.

ಹಾಗಾದರೆ ದಾರಿ ಏನು? ಮೊದಲು ಲೆಕ್ಕ ಸರಿಯಾಗಿ ಹಾಕಬೇಕು. ತಂತ್ರಾಂಶದ ಮೇಲೆ 18 ಪ್ರತಿಶತ ಜಿ.ಎಸ್.ಟಿ. ಇದೆ ನಿಜ. ಆದರೆ ನೋಂದಾಯಿತ ವ್ಯಾಪಾರಿ ಬಿಲ್ಲು ಪಡೆದು ವ್ಯಾಪಾರಕ್ಕೆ ಕೊಂಡರೆ ಆ ತೆರಿಗೆ ಸಾಮಾನ್ಯವಾಗಿ ಜಮೆಯಾಗಿ ಮರಳುತ್ತದೆ. ಕಾಂಪೋಜಿಶನ್‌ನಲ್ಲಿ ಇರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ನಕಲಿಗೆ ಬಿಲ್ಲೂ ಇಲ್ಲ, ಜಮೆಯೂ ಇಲ್ಲ.

ಎರಡನೆಯದು, ಪುಕ್ಕಟೆ ಬೇಕಾದರೆ ಪುಕ್ಕಟೆ ಕೊಟ್ಟದ್ದನ್ನೇ ತೆಗೆದುಕೊಳ್ಳಿ. ಕನ್ನಡ ಬರೆಯಲು ಕನ್ನಡ ಗಣಕ ಪರಿಷತ್ತಿನ 'ನುಡಿ' ಇದೆ. ಪತ್ರ, ತಃಖ್ತೆಗಳಿಗೆ 'ಲಿಬ್ರೆ ಆಫೀಸ್' ಇದೆ. ವರ್ಷಕ್ಕೆ ಒಂದೂವರೆ ಕೋಟಿವರೆಗಿನ ವಹಿವಾಟಿನ ಸಣ್ಣ ಉದ್ದಿಮೆಗಳಿಗೆ ಲೆಕ್ಕದ ತಂತ್ರಾಂಶವನ್ನು ಉಚಿತವಾಗಿ ಒದಗಿಸುವುದಾಗಿ 2019ರಲ್ಲಿ ಜಿ.ಎಸ್.ಟಿ. ಜಾಲವೇ ಪ್ರಕಟಿಸಿತ್ತು. ಇಂಥವನ್ನು ವಿಚಾರಿಸದೆ "ಬ್ಯಾರೆ ದಾರೀನ ಇಲ್ರಿ" ಎನ್ನುವುದು ನೆಪ.

ಮೂರನೆಯದು, ಚೌಕಾಸಿ. ಗೊಬ್ಬರ, ಬೀಜ ಒಟ್ಟಿಗೆ ಕೊಂಡು ದರ ಇಳಿಸಿಕೊಳ್ಳುವುದು ನಮಗೆ ಹೊಸದಲ್ಲ. ಹತ್ತು ಅಡತಿ ಅಂಗಡಿಯವರು ಕೂಡಿ ಹೋಗಿ ಕೇಳಲಿ: ಬಿಲ್ಲಿನಲ್ಲಿ ಮೂಲ ಬೆಲೆ ಬೇರೆ, ನಿಮ್ಮ ಕೂಲಿ ಬೇರೆ ತೋರಿಸಿ, ಸಣ್ಣ ಅಂಗಡಿಗೆ ಸಣ್ಣ ದರ ಇಡಿ, ನವೀಕರಣಕ್ಕೆ ಎಷ್ಟಾಗುತ್ತದೆಂದು ಮೊದಲೇ ಬರೆದುಕೊಡಿ.

ಆದರೆ ಹೀಗೆ ಕೇಳಲು ಕೈ ಶುದ್ಧವಿರಬೇಕು. ನಕಲು ಬಳಸುವವನ ದೂರನ್ನು ಯಾವ ಕಂಪನಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೆಲೆ ಹೆಚ್ಚಾಗಿದ್ದರೆ ಜಗಳ ತೆಗೆಯೋಣ, ಇಲ್ಲವೇ ಬೇರೆ ಅಂಗಡಿ ನೋಡೋಣ. ನಮ್ಮ ಅರಿಶಿನಕ್ಕೆ ಒಂದು ನ್ಯಾಯ, ಇನ್ನೊಬ್ಬರ ದುಡಿಮೆಗೆ ಇನ್ನೊಂದು ನ್ಯಾಯ ಬೇಡ.