ಪ್ರತ್ಯೇಕ ಶಾಲೆ ಮತ್ತು ಸ್ವಾಭಿಮಾನದ ಪ್ರಶ್ನೆ

ಪ್ರತ್ಯೇಕ ಶಾಲೆಯೆಂದರೆ ಸಮಾನತೆಯ ನಿರಾಕರಣೆ ಎಂದು ಹೇಳಿಬಿಡುವುದು ರೂಢಿಯಾಗಿದೆ. ಅದನ್ನು ಯಾರು, ಯಾರಿಗಾಗಿ, ಏಕೆ ಕಟ್ಟಿದರೆಂದು ನೋಡದೆ ಹೀಗೆ ನಿರ್ಣಯಿಸಲಾಗದು. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದದ್ದು ಇತರ ಶಾಲೆಗಳ ಬಾಗಿಲು ಅವರಿಗೆ ಮುಚ್ಚಿದ್ದುದರಿಂದ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರ ಬ್ರೌನ್ ಪ್ರಕರಣದಲ್ಲಿ ತಳ್ಳಿಹಾಕಿದ್ದು ಪ್ರಭುತ್ವವೇ ಹೇರಿದ್ದ ವರ್ಣಭೇದದ ಬೇರ್ಪಡಿಕೆಯನ್ನು. ಹೊರಗಿಡಲ್ಪಟ್ಟವರ ಶಾಲೆ ಬೇರೆ. ತಮ್ಮ ಭಾಷೆಯನ್ನು ಉಳಿಸಿಕೊಳ್ಳಬಯಸುವವರು ಆರಿಸಿಕೊಂಡ ಶಾಲೆ ಬೇರೆ.

ಈ ವ್ಯತ್ಯಾಸ ಕನ್ನಡಿಗರಿಗೆ ಅಪರಿಚಿತವೇನಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯೂ ಅಂದೇ ಜಾರಿಗೆ ಬಂದಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅದು ನ್ಯಾಯವೂ ಹೌದು. ಅದೇ ವಿಧಿ ದೊಡ್ಡಬಳ್ಳಾಪುರ, ಹೊಸಕೋಟೆಗಳ ಉರ್ದು ಶಾಲೆಗಳಿಗೂ ಅನ್ವಯಿಸುತ್ತದೆ. ಅಲ್ಲಿ ಹಕ್ಕೆಂದು ಕರೆದುದನ್ನು ಇಲ್ಲಿ ಪ್ರತ್ಯೇಕತೆಯೆಂದು ಹಳಿಯುವುದು ವಿದ್ವತ್ತಿಗೆ ಒಪ್ಪುವ ಮಾತಲ್ಲ.

ಆದರೆ ಹಕ್ಕನ್ನು ಒಪ್ಪಿದ ಮಾತ್ರಕ್ಕೆ ಸಮಾನತೆ ಕೈಗೂಡುವುದಿಲ್ಲ. 1963ರ ರಾಜಭಾಷಾ ಅಧಿನಿಯಮದಂತೆ ರಾಜ್ಯದ ಆಡಳಿತ ಭಾಷೆ ಕನ್ನಡ. ಕನ್ನಡವನ್ನು ಸರಾಗವಾಗಿ ಓದಿ ಬರೆಯಲಾರದೆ ಶಾಲೆ ಮುಗಿಸಿದ ಬಾಲಕಿ ತಾಲ್ಲೂಕು ಕಚೇರಿಯಲ್ಲಿ ತನ್ನ ಅರ್ಜಿಗೂ ಇನ್ನೊಬ್ಬರ ಕೈ ಹಿಡಿಯಬೇಕು. ಸ್ವಾಭಿಮಾನಕ್ಕಾಗಿ ಕಟ್ಟಿದ ಶಾಲೆ ಅಲ್ಲಿಗೆ ಪರಾವಲಂಬನೆಯನ್ನು ಕಲಿಸಿದಂತಾಯಿತು. ಇದಕ್ಕೆ ಪರಿಹಾರ ಉರ್ದು ಶಾಲೆಯನ್ನು ಮುಚ್ಚುವುದಲ್ಲ. ಅಲ್ಲಿಯ ಕನ್ನಡ ಬೋಧನೆಯನ್ನು ಬಲಪಡಿಸುವುದು.

ಈ ಹೊಣೆಯಲ್ಲಿ ಕನ್ನಡ ವಿಭಾಗಗಳ ಪಾಲೂ ಇದೆ. ಇಲ್ಲಿನ ಅನೇಕ ಮುಸ್ಲಿಂ ಮನೆಗಳ ಮಾತು ದಖನಿ. ಪಠ್ಯದ ಉರ್ದುವಿಗೂ ಅದಕ್ಕೂ ಅಂತರವಿದೆ. ಹೀಗಾಗಿ ಆ ಮಕ್ಕಳಿಗೆ ಶಿಷ್ಟ ಉರ್ದು, ಶಿಷ್ಟ ಕನ್ನಡಗಳೆರಡೂ ಕಲಿತೇ ಬರಬೇಕಾದ ಭಾಷೆಗಳು. ಕನ್ನಡವನ್ನು ಮನೆಮಾತೆಂದು ಭಾವಿಸಿ ರಚಿಸಿದ ಪಾಠಕ್ರಮ ಅವರಿಗೆ ಒದಗದು. ಅರ್ಜಿ, ಜಮೀನು, ಜಿಲ್ಲೆ, ತಾಲ್ಲೂಕು, ವಕೀಲ ಮೊದಲಾದವು ಎರಡೂ ಭಾಷೆಗಳಲ್ಲಿ ಬಳಕೆಯಲ್ಲಿರುವ ಪದಗಳು. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಭಾಷಾಸಂಪರ್ಕವನ್ನು ಕುರಿತ ನಮ್ಮ ಸಂಶೋಧನೆ ಪ್ರಬಂಧಗಳಲ್ಲಿಯೇ ಉಳಿಯದೆ ಇಂತಹ ಪಾಠಗಳ ರಚನೆಗೆ ಒದಗಬೇಕು. ಕನ್ನಡವನ್ನು ಕಡ್ಡಾಯಗೊಳಿಸುವ ಅಧಿಕಾರ ಸರ್ಕಾರಕ್ಕಿರಬಹುದು. ಅದನ್ನು ಆ ಮಕ್ಕಳಿಗೆ ದಕ್ಕುವಂತೆ ಮಾಡುವ ಕೆಲಸ ಕನ್ನಡದ ಅಧ್ಯಾಪಕರದು.