ತೊಲೆ ಉಳೀತು, ಬಾಗಿಲು ಹೋಯ್ತು

ಆನ್‌ಸೈಟ್‌ಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿನ ಸಹೋದ್ಯೋಗಿಯೊಬ್ಬ ಇಡೀ ಟೀಮನ್ನು ಊಟಕ್ಕೆ ಕರೆದಿದ್ದ. ಸಫೋಕ್‌ನ ಒಂದು ಹಳ್ಳಿ. ಊರಿಗಿದ್ದ ಒಂದೇ ಪಬ್ಬನ್ನು ಕೊಂಡು ಮನೆ ಮಾಡ್ಕೊಂಡಿದ್ದಾನೆ.

ಓಕ್ ಮರದ ಚೌಕಟ್ಟು, ನಡುವೆ ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ನಮ್ಮಜ್ಜಿ ಮನೆ ಹಿತ್ತಿಲ ಗೋಡೆಯೂ ಹೀಗೇ ಇತ್ತು; ಅದನ್ನ ಯಾರೂ ಪರಂಪರೆ ಅನ್ನಲಿಲ್ಲ, ಬಿಡಿ. ತೊಲೆಗಳ ಮೇಲೆ ಬಡಗಿಗಳು ಕೊರೆದ ರೋಮನ್ ಅಂಕಿಗಳಿವೆ. ಮರವನ್ನು ಬೇರೆ ಕಡೆ ಹೊಂದಿಸಿ, ಬಿಚ್ಚಿ ತಂದು ಮತ್ತೆ ಜೋಡಿಸುವಾಗ ಯಾವುದಕ್ಕೆ ಯಾವುದು ಅಂತ ತಿಳಿಯೋಕೆ. ನಮ್ಮ ರಿಲೀಸ್ ನೋಟ್ಸ್‌ಗಿಂತ ಅಚ್ಚುಕಟ್ಟು!

ಬಾರ್ ಕೌಂಟರ್ ಮೇಲೆ ಈಗ ಕಾಫಿ ಮಷೀನು. ಹೊರಗೆ ಬೋರ್ಡ್ ತೂಗುತ್ತಿದ್ದ ಕಂಬ ಇದೆ, ಬೋರ್ಡಿಲ್ಲ. "ಎಷ್ಟು ಚೆನ್ನಾಗಿ ಉಳಿಸಿದ್ದಾರೆ" ಅಂತ ನಮ್ಮವರೆಲ್ಲ ಫೋಟೋ ತೆಗೆದಿದ್ದೇ ತೆಗೆದಿದ್ದು. ನನಗೆ ಸಿಟ್ಟು ಬಂತು. ಏನನ್ನ ಉಳಿಸಿದ್ದು ಸ್ವಾಮಿ?

ಪಾರಂಪರಿಕ ಪಟ್ಟಿಗೆ ಸೇರಿದ ಕಟ್ಟಡದ ತೊಲೆಯನ್ನು ಅನುಮತಿಯಿಲ್ಲದೆ ಕತ್ತರಿಸಿದರೆ ಅಲ್ಲಿ ಅಪರಾಧ. ಆದರೆ ಊರಿನವರೆಲ್ಲ ಒಳಗೆ ಬರಬಹುದಾಗಿದ್ದ ಬಾಗಿಲಿಗೆ ಅಂಥ ಕಾವಲಿಲ್ಲ. ಪ್ಲಾನಿಂಗ್ ಅನುಮತಿ ಸಿಕ್ಕರೆ ಮುಗೀತು, ಅದು ಒಬ್ಬರ ಮುಂಬಾಗಿಲು.

"ಮನೆ ಆದ್ರೆ ತಾನೇ ಕಟ್ಟಡ ಉಳಿಯೋದು? ವ್ಯಾಪಾರ ಇಲ್ಲದ ಪಬ್ಬನ್ನ ಎಷ್ಟು ದಿನ ನಡೆಸ್ತಾರೆ?" ಅಂತೀರಿ. ಒಪ್ಪಿದೆ, ಬೀಗ ಹಾಕಿ ಸೋರಲು ಬಿಡೋದಕ್ಕಿಂತ ಇದು ಮೇಲು. ಆದರೆ ಇವೆರಡೇ ದಾರಿ ಅನ್ನೋದು ಸುಳ್ಳು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ, ನಮ್ಮ ಹಾಲಿನ ಡೇರಿ ಥರ ಸಹಕಾರ ಸಂಘ ಕಟ್ಟಿ, ಓಲ್ಡ್ ಕ್ರೌನ್ ಪಬ್ಬನ್ನು ತಾವೇ ಕೊಂಡರು. 2011ರ ಲೋಕಲಿಸಂ ಕಾಯ್ದೆ ಪ್ರಕಾರ, ಊರಿನವರು ಪಬ್ಬನ್ನು ಮೊದಲೇ ಸಮುದಾಯದ ಆಸ್ತಿಯ ಪಟ್ಟಿಗೆ ಸೇರಿಸಿದ್ದರೆ, ಅದು ಮಾರಾಟಕ್ಕೆ ಬಂದಾಗ ದುಡ್ಡು ಹೊಂದಿಸೋಕೆ ಆರು ತಿಂಗಳು ಸಿಗುತ್ತೆ. ಮಾರೋದು ಬಿಡೋದು ಮಾಲೀಕನ ಇಷ್ಟ, ನಿಜ. ಆರು ತಿಂಗಳಾದರೂ ಕೇಳೋ ಹಕ್ಕಿದೆಯಲ್ಲ!

ಇದು ಕುಡಿತದ ಪರ ವಾದ ಅಲ್ಲ. ನಾನು ಕುಡಿಯೋನೇ ಅಲ್ಲ. ಸಂಜೆ ಹೋಗಿ ಕೂರೋಕೆ ಒಂದು ಜಾಗ, ಅಷ್ಟೇ ನಾನು ಹೇಳ್ತಿರೋದು. ಅರಳಿಕಟ್ಟೆ ಮೇಲೆ ಬೆಳೆದವನಿಗೆ ಅದು ಚೆನ್ನಾಗಿ ಗೊತ್ತು.

ಊಟ ಆದ್ಮೇಲೆ ಕಿಟಕಿ ಹತ್ತಿರ ನಿಂತಿದ್ದೆವು. ನಾಯಿ ಹಿಡ್ಕೊಂಡು ಹೋಗ್ತಿದ್ದ ಮುದುಕರೊಬ್ಬರು ಬಾಗಿಲ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋದರು. "ಆ ಒಲೆ ಪಕ್ಕದ ಮೂಲೆ ಅವರದ್ದಂತೆ, ದಿನಾ ಬರ್ತಿದ್ದರಂತೆ" ಅಂದ ನಮ್ಮವ.

"ಒಂದಿನ ಒಳಗೆ ಕರೆದಿದ್ಯಾ?"

"ಯಾಕೆ?" ಅಂದ. ಅವನಿಗೆ ನಿಜವಾಗಲೂ ಅರ್ಥ ಆಗಿರಲಿಲ್ಲ. ನಾನು ಅದೇ ಮೂಲೇಲಿ ಕೂತು ಕಾಫಿ ಮುಗಿಸಿದೆ.