ಹಂದಿಗೆ ಯಾವ ಗುಂಡು?

ಶೇಂಗಾ ಕಾಯಿ ಕಟ್ಟುವ ಕಾಲ ಬಂತೆಂದರೆ ಬೆಳುಗುಪ್ಪದ ಸುತ್ತಿನ ರೈತನಿಗೆ ರಾತ್ರಿಯ ನಿದ್ರೆಯೆಂಬುದಿಲ್ಲ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮ್ಮ ಸೀಮೆಯಲ್ಲಿ ಮಳೆರಾಯನಿಂದ ಉಳಿದ ಬೆಳೆಯನ್ನು ಹಂದಿಯಿಂದ ಉಳಿಸಿಕೊಳ್ಳುವುದು ಎರಡನೆಯ ಬೇಸಾಯವೇ ಆಗಿದೆ. ಜೀಡಿಪಲ್ಲಿ ಜಲಾಶಯಕ್ಕೂ ಕಾಲುವೆಗೂ ನೀರು ಬಂದ ಮೇಲೆ ದಡದ ಬಳ್ಳಾರಿ ಜಾಲಿಯ ಮೆಳೆಗಳು ಹಂದಿಗಳಿಗೆ ಒಳ್ಳೆಯ ಮನೆಯಾಗಿವೆ. ನೀರು ಬಂದುದಕ್ಕೆ ನಾವು ಸಂತೋಷಪಡುವವರೇ. ಆದರೆ ಒಂದು ಹಿಂಡು ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಉತ್ತು ಹಾಕಿ ಹೋದ ಹೊಲವನ್ನು ಬೆಳಿಗ್ಗೆ ನೋಡಿದವನಿಗೆ ತುಪಾಕಿಯ ನೆನಪು ಬಾರದಿರದು.

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಊರಿಗೆ ಬಂದವನು ಅರಳಿಕಟ್ಟೆಯ ಮೇಲೆ ಕುಳಿತು ಅಲ್ಲಿಯ ಕಥೆ ಹೇಳಿದ. ಅಲ್ಲಿಯೂ ಕಾಡುಹಂದಿಯ ಹಾವಳಿಯುಂಟಂತೆ. ಅಲ್ಲಿಯವರು 10 ಎಂ.ಎಂ. ಆಟೋ ಎಂಬ ಭಾರೀ ತೋಟಾದ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಹಂದಿಯ ಬೇಟೆಗೆ ಹೋಗುವರಂತೆ. "ಮೇಷ್ಟ್ರೇ, ಅಂಥದೊಂದು ನಮಗೂ ಸಿಕ್ಕಿದ್ದರೆ!" ಎಂದ. ಅಂದಿನಿಂದ ಊರ ಹುಡುಗರ ಬಾಯಲ್ಲಿ ಅದೇ ಮಾತು. ಆದುದರಿಂದಲೇ ಈ ನಾಲ್ಕು ಮಾತು ಬರೆಯಬೇಕಾಯಿತು.

ಆ ತೋಟಾದ ಚರಿತ್ರೆಯನ್ನು ಓದಿದರೆ ನಮಗೆ ಬೇಕಾದ ಪಾಠ ಅದರಲ್ಲಿಯೇ ಇದೆ. 1983ರಲ್ಲಿ ಜೆಫ್ ಕೂಪರ್ ಎಂಬ ನಿವೃತ್ತ ಸೇನಾಧಿಕಾರಿಯ ಆಲೋಚನೆಯಂತೆ ಬ್ರೆನ್ ಟೆನ್ ಎಂಬ ಪಿಸ್ತೂಲಿಗಾಗಿ ಅದು ಹುಟ್ಟಿತು. ಸ್ವೀಡನ್ನಿನ ನಾರ್ಮಾ ಕಂಪೆನಿ ತೋಟಾ ತಯಾರಿಸಿತು. 200 ಗ್ರೇನು, ಎಂದರೆ ಸುಮಾರು 13 ಗ್ರಾಮಿನ ಗುಂಡು, ಸೆಕೆಂಡಿಗೆ 1200 ಅಡಿಯ ವೇಗ. ಕೈಯಲ್ಲಿ ಹಿಡಿಯುವ ಆಯುಧಕ್ಕೆ ಇದು ಸಾಮಾನ್ಯವಲ್ಲ. 1986ರ ಏಪ್ರಿಲ್ 11ರಂದು ಮಯಾಮಿ ನಗರದಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಕಾಳಗದಲ್ಲಿ ಅಲ್ಲಿಯ ಎಫ್.ಬಿ.ಐ. ಪೋಲೀಸರಿಬ್ಬರು ಸತ್ತರು. ದರೋಡೆಕೋರನೊಬ್ಬನಿಗೆ ಮೊದಲೇ ತಗುಲಿದ್ದ 9 ಎಂ.ಎಂ. ಗುಂಡು ತೋಳನ್ನು ದಾಟಿ ಎದೆಯನ್ನು ಹೊಕ್ಕು, ಹೃದಯಕ್ಕೆ ಒಂದಂಗುಲದಷ್ಟು ಈಚೆಗೇ ನಿಂತುಹೋಗಿತ್ತು. ಅವನು ಬೀಳದೆ ಹೊಡೆಯುತ್ತಲೇ ಇದ್ದ. ಆಗ ಎಫ್.ಬಿ.ಐ.ಯವರು ದೊಡ್ಡ ತೋಟಾವನ್ನು ಹುಡುಕುತ್ತ ಈ 10 ಎಂ.ಎಂ.ಗೆ ಬಂದರು.

ಬಂದಮೇಲೆ ನಡೆದುದು ಸ್ವಾರಸ್ಯವಾಗಿದೆ. ಪೂರ್ತಿ ಮದ್ದು ತುಂಬಿದ ತೋಟಾ ಅನೇಕರ ಕೈಗೆ ಮೀರಿದ್ದಾಯಿತು. ಒದೆತಕ್ಕೆ ಗುರಿ ತಪ್ಪಿತು. ಮದ್ದು ಕಡಿಮೆ ಮಾಡಿ 180 ಗ್ರೇನಿನ ಗುಂಡನ್ನು ಸೆಕೆಂಡಿಗೆ 950 ಅಡಿಯ ಸುಮಾರಿಗೆ ಇಳಿಸಿದರು. ಇಷ್ಟೇ ಸಾಕಾದರೆ ಅಷ್ಟುದ್ದದ ತೋಟಾ ಏಕೆಂದು 1990ರಲ್ಲಿ ಅದನ್ನು ಮೋಟು ಮಾಡಿ .40 ಎಂಬ ಬೇರೊಂದು ತೋಟಾ ತಂದರು. ಕೊನೆಗೆ 2015ರ ಸುಮಾರಿಗೆ ಎಫ್.ಬಿ.ಐ. ತಿರುಗಿ 9 ಎಂ.ಎಂ.ಗೇ ಬಂತು. ಏಕೆಂದರೆ ಅಷ್ಟರಲ್ಲಿ ಗುಂಡಿನ ರಚನೆಯೇ ಸುಧಾರಿಸಿತ್ತು. ಮೂವತ್ತು ವರ್ಷ ಸುತ್ತಿ ಅವರು ಕಂಡುಕೊಂಡದ್ದು ಇಷ್ಟು: ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ, ಹೊಡೆಯುವವನ ಕೈ ಅದನ್ನು ಎಲ್ಲಿಗೆ ಮುಟ್ಟಿಸುತ್ತದೆ, ಇವೆರಡೇ ಲೆಕ್ಕಕ್ಕೆ ಬರುವ ಸಂಗತಿಗಳು.

ಗುಂಡಿನಲ್ಲಿಯೂ ಜಾತಿಗಳುಂಟು. ತಲೆ ಟೊಳ್ಳಾದ ಗುಂಡು ಮಾಂಸವನ್ನು ಹೊಕ್ಕೊಡನೆ ಹೂವಿನಂತೆ ಅರಳಿ ಅಲ್ಲಿಯೇ ನಿಲ್ಲುತ್ತದೆ. ಮನುಷ್ಯರ ನಡುವೆ ಕೆಲಸ ಮಾಡುವ ಪೋಲೀಸರಿಗೆ ಅದು ಬೇಕು. ಗಂಡು ಹಂದಿಯ ಭುಜದ ಮೇಲೆ ಬೆರಳುಗಾತ್ರ ದಪ್ಪದ ಗಟ್ಟಿ ಕವಚದಂಥ ಚರ್ಮವಿರುತ್ತದೆ. ಅಲ್ಲಿ ಅರಳುವ ಗುಂಡು ಒಳಗಿಳಿಯದೆ ಮೇಲೆಯೇ ಸೋಲಬಹುದು. ಆದುದರಿಂದ ಅಮೆರಿಕದ ಬೇಟೆಗಾರರು ಹಂದಿಗೆ ಅರಳದ ಗಟ್ಟಿ ಸೀಸದ ಗುಂಡನ್ನು ಆರಿಸುವುದುಂಟು. ಅದು ಆಳಕ್ಕೆ ಇಳಿಯುತ್ತದೆ, ನಿಜ. ಒಮ್ಮೊಮ್ಮೆ ಹಂದಿಯನ್ನು ದಾಟಿ ಆಚೆಗೂ ಹೋಗುತ್ತದೆ. ಆಚೆಗೆ ಏನಿದೆ?

ಅಲ್ಲಿ ಏನಿರುವುದೋ ನಾವು ಹೇಳಲಾರೆವು. ನಮ್ಮ ಹೊಲದಾಚೆಗೆ ಇನ್ನೊಬ್ಬನ ಹೊಲ, ಅದರ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಮಲಗಿರುವ ಅವನ ಮಗ. ನಮ್ಮದು ಬಯಲು ಸೀಮೆ. ಗುಡ್ಡವಿಲ್ಲದ ಕಡೆ ಗುರಿ ತಪ್ಪಿದ ಪಿಸ್ತೂಲಿನ ಗುಂಡು ಒಂದು ಮೈಲಿಯಾಚೆಗೂ ಹೋದೀತು. ಗುರಿ ತಪ್ಪುವುದೂ ಸುಲಭ. ಪಿಸ್ತೂಲಿನ ಮೇಲೆ ಹಿಂದಿನ ಗುರಿಗೂ ಮುಂದಿನ ಗುರಿಗೂ ಆರಂಗುಲದ ಅಂತರ. ಅಲ್ಲಿ ಒಂದು ಮಿಲಿಮೀಟರು ಕದಲಿದರೆ 25 ಗಜದಾಚೆ ಆರಂಗುಲ ತಪ್ಪುತ್ತದೆ. ಏಳನೆಯ ತರಗತಿಯ ಹುಡುಗನೂ ಅನುಪಾತದಿಂದ ಮಾಡಬಲ್ಲ ಲೆಕ್ಕವಿದು. ಕತ್ತಲೆಯಲ್ಲಿ, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು, ಎದೆ ಹೊಡೆದುಕೊಳ್ಳುತ್ತಿರುವಾಗ ಕದಲುವುದು ಒಂದೇ ಮಿಲಿಮೀಟರೇ?

ಹೇಗೂ ಆ ಪಿಸ್ತೂಲು ನಮ್ಮವರ ಕೈಗೆ ಬರುವುದೂ ಇಲ್ಲ. ಸೇನೆಯವರ 9 ಎಂ.ಎಂ. ಪಿಸ್ತೂಲೇ ಸಾಮಾನ್ಯ ಪ್ರಜೆಗೆ ನಿಷಿದ್ಧ ವರ್ಗದ್ದು. ಲೈಸೆನ್ಸಿನ ಮೇಲೆ ಸಾಧಾರಣವಾಗಿ ದೊರೆಯುವ .32 ಪಿಸ್ತೂಲಿನ ಗುಂಡು 71 ಗ್ರೇನಿನದು. ಅದರಿಂದ ಹಂದಿಗೆ ಗಾಯವಾದೀತೇ ಹೊರತು ಹಂದಿ ಬೀಳದು. ಕೆಲವು ಹಣವಂತರು ಅದನ್ನು ಬೆಳೆ ಕಾಯುವ ನೆಪದಲ್ಲಿ ಕೇಳುವುದನ್ನು ಕಂಡಿದ್ದೇವೆ. ಅದು ಪ್ರತಿಷ್ಠೆಯ ಮಾತು, ಬೇಸಾಯದ್ದಲ್ಲ.

ಇನ್ನು ನಮ್ಮಲ್ಲಿರುವ 12 ಬೋರಿನ ತುಪಾಕಿಯನ್ನೇ ನೋಡೋಣ. ಅದರ ಒಂದು ತೋಟಾದಲ್ಲಿ ಒಂದು ಔನ್ಸು ಅಥವಾ ಸ್ವಲ್ಪ ಹೆಚ್ಚು ಸೀಸ. ಒಂದು ಔನ್ಸಿಗೆ 437 ಗ್ರೇನಿಗೂ ಮಿಕ್ಕಿ ತೂಕ. ಎಂದರೆ ಅಜ್ಜನ ಒಂಟಿ ನಳಿಗೆಯ ತುಪಾಕಿ ಆ ಭಾರೀ ಪಿಸ್ತೂಲಿನ ಎರಡರಷ್ಟಕ್ಕಿಂತ ಹೆಚ್ಚು ಸೀಸವನ್ನು ಹೆಚ್ಚುಕಡಿಮೆ ಅದೇ ವೇಗದಲ್ಲಿ ಕಳಿಸುತ್ತದೆ. ಅದರ ಒದೆತವನ್ನು ಭುಜ ತಡೆದುಕೊಳ್ಳುತ್ತದೆ. ಕೊರತೆಯಿರುವುದು ತುಪಾಕಿಯಲ್ಲಲ್ಲ, ತೋಟಾದ ಆಯ್ಕೆಯಲ್ಲಿ. 4ನೆಯ ನಂಬರಿನ ಚರೆ ಔನ್ಸಿಗೆ 170 ಬರುತ್ತದೆ, 6ನೆಯದು 270. ಇವು ಹಕ್ಕಿಯ ಚರೆಗಳು. ಎಸ್.ಜಿ. ಔನ್ಸಿಗೆ ಎಂಟೇ, ಎಲ್.ಜಿ. ಆರರ ಸುಮಾರು. ಹಂದಿಗೆ ಇವೇ ಬೇಕು, ಅದೂ 30 ಗಜದೊಳಗೆ. ಗುರಿ ತಪ್ಪಿದ ಎಸ್.ಜಿ. ಅರ್ಧ ಮೈಲಿಯೊಳಗೆ ನೆಲ ಹಿಡಿಯುತ್ತದೆ. ಆ ಅರ್ಧ ಮೈಲಿಯೂ ಸಣ್ಣದಲ್ಲವಾದುದರಿಂದ ಅಟ್ಟಣೆಯ ಮೇಲಿಂದ ನೆಲದ ಕಡೆಗೆ ಹೊಡೆಯುವುದೇ ಕ್ಷೇಮ.

ಕೆಲವು ವರ್ಷಗಳ ಹಿಂದೆ ಗಡಿಯಾಚೆಯ ಹಳ್ಳಿಯೊಂದರಲ್ಲಿ ಅಂಗಡಿಯಲ್ಲಿ ಬೇರೆ ಸಿಗಲಿಲ್ಲವೆಂದು ಒಬ್ಬರು 4ನೆಯ ನಂಬರಿನ ಚರೆಯಿಂದಲೇ ಹಂದಿಗೆ ಹೊಡೆದರು. ಹಂದಿ ಕಿರಿಚಿ ಓಡಿತು. ಬೆಳೆ ಉಳಿಯಿತೆಂದು ಎಲ್ಲರೂ ಮಲಗಿದರು. ಬೆಳಿಗ್ಗೆ ಸೌದೆಗೆಂದು ಜಾಲಿಯ ಮೆಳೆಗೆ ಹೋದ ನಮ್ಮ ಬಳಗದ ಹೆಣ್ಣುಮಗಳೊಬ್ಬಳ ತೊಡೆಯನ್ನು ಆ ಗಾಯದ ಹಂದಿ ಸೀಳಿತು. ಆಕೆ ಇಂದಿಗೂ ಕುಂಟುತ್ತಾಳೆ. ಹೊಡೆದವರು ಕೆಟ್ಟವರಲ್ಲ, ಚರೆಯ ನಂಬರು ನೋಡಿ ಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಯಿದೆಯ ಮಾತೂ ಹೇಳದೆ ತೀರದು. ಬೆಳೆ ರಕ್ಷಣೆಯ ಲೈಸೆನ್ಸು ಇದ್ದ ಮಾತ್ರಕ್ಕೆ ಹೊಡೆಯುವ ಅಧಿಕಾರ ಬರಲಿಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ ಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು 11ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅಪ್ಪಣೆ ಬೇಕು. ಜಿಂಕೆಯ ಮಾತಂತೂ ಎತ್ತಲೇಬೇಡಿ. ಕೃಷ್ಣಮೃಗ ಮೊದಲನೆಯ ಅನುಸೂಚಿಯದು, ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಯಾರೂ ಅಪ್ಪಣೆ ಕೊಡಲಾರರು. ಇಷ್ಟೆಲ್ಲ ತೊಡಕೇಕೆಂದು ಬೇಲಿಗೆ ಕರೆಂಟು ಕೊಡುವವರು ತುಪಾಕಿಯವರಿಗಿಂತ ಅಪಾಯದವರು. ಆ ತಂತಿ ಹಂದಿ ಯಾವುದು, ನೀರು ಕಟ್ಟಲು ಬಂದ ಮನುಷ್ಯ ಯಾರು ಎಂದು ನೋಡುವುದಿಲ್ಲ.

ಕೇರಳದಲ್ಲಿ 2022ರಿಂದ ಪಂಚಾಯತಿಯ ಅಧ್ಯಕ್ಷರಿಗೇ ಇಂಥ ಅಪ್ಪಣೆ ಕೊಡುವ ಅಧಿಕಾರ ಕೊಟ್ಟು, ಲೈಸೆನ್ಸುಳ್ಳ ಗುರಿಕಾರರ ಪಟ್ಟಿಯಿಟ್ಟು ಅವರಿಂದ ಹೊಡೆಸುತ್ತಾರೆ. ನಮಗೆ ಅದು ಸರಿಯಾದ ದಾರಿಯೆಂದು ತೋರುತ್ತದೆ. ಪ್ರತಿ ಮನೆಗೂ ತುಪಾಕಿ ಬೇಡ. ಹತ್ತು ಹಳ್ಳಿಗೆ ಇಬ್ಬರು ನುರಿತವರು ಸಾಕು. ಅಪ್ಪಣೆಯ ಕಾಗದದಲ್ಲಿ ಹಂದಿಯ ಸಂಖ್ಯೆಯನ್ನು ಬರೆಯುವಂತೆ ಯಾವ ತೋಟಾ, ಎಷ್ಟು ದೂರ ಎಂಬುದನ್ನೂ ಬರೆಯತಕ್ಕದ್ದು. ವರ್ಷಕ್ಕೊಮ್ಮೆ ಅವರಿಗೆ ಗುರಿ ಹೊಡೆಯುವ ಅಭ್ಯಾಸ ಮಾಡಿಸಿ, ಅದಕ್ಕೆ ಬೇಕಾದ ತೋಟಾವನ್ನು ಸರಕಾರವೇ ಕೊಡತಕ್ಕದ್ದು. ಹಂದಿಗೆ ಆಂಧ್ರ ಕರ್ನಾಟಕಗಳ ಗಡಿ ತಿಳಿಯದು, ಲೈಸೆನ್ಸಿಗೆ ತಿಳಿದಿದೆ; ಆದುದರಿಂದ ರಾಯದುರ್ಗ, ಕಲ್ಯಾಣದುರ್ಗ, ಪಾವಗಡ, ಚಳ್ಳಕೆರೆಯ ಅಧಿಕಾರಿಗಳು ಒಂದೆಡೆ ಕುಳಿತು ಮಾತನಾಡಬೇಕಾದುದೂ ಇದೆ.

ಅಷ್ಟರವರೆಗೆ, ಮನೆಯಲ್ಲಿ ಹಳೆಯ ತುಪಾಕಿಯಿರುವವರು ಒಂದು ಕೆಲಸ ಮಾಡಬೇಕು. ಹಿಂದಿನ ಕಾಲದ ಎಷ್ಟೋ ಇಂಗ್ಲಿಷ್ ತುಪಾಕಿಗಳ ತೋಟಾ ಮನೆ ಎರಡೂವರೆ ಅಂಗುಲದ್ದು. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳು ಹೆಚ್ಚಾಗಿ 70 ಮಿಲಿಮೀಟರಿನವು, ಎಂದರೆ ಎರಡು ಮುಕ್ಕಾಲು ಅಂಗುಲ. ಉದ್ದದ ತೋಟಾ ಗಿಡ್ಡ ಮನೆಯೊಳಗೂ ಹೋಗಿ ಕೂರುತ್ತದೆ, ಮೋಸವಿರುವುದೇ ಅಲ್ಲಿ. ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ನಳಿಗೆಯೊಳಗಿನ ಒತ್ತಡ ಏರುತ್ತದೆ. ತುಪಾಕಿ ಹಳೆಯದಾದರೆ ಬುಡ ಸೀಳಲೂಬಹುದು. ತೇವಕ್ಕೆ ಉಬ್ಬಿದ ಕಾಗದದ ತೋಟಾಗಳನ್ನು ಬಳಸಲೇಬಾರದು. ಕುದುರೆ ಎಳೆದಾಗ ತೋಟಾ ಹಾರದಿದ್ದರೆ ಕೂಡಲೇ ಮುರಿದು ನೋಡದೆ, ನಳಿಗೆಯನ್ನು ನೆಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ತಡವಾಗಿ ಹಾರುವ ತೋಟಾಗಳುಂಟು.

ಅಮೆರಿಕದಿಂದ ಬಂದ ಆ ಹುಡುಗನಿಗೂ ಇದನ್ನೇ ಹೇಳಿ, "ನಿಮ್ಮ ತಾತನ ತುಪಾಕಿಯ ನಳಿಗೆಯ ಬುಡದಲ್ಲಿ ಏನು ಕೊರೆದಿದೆ, ನಿಮ್ಮ ಅಪ್ಪನಿಂದ ನೋಡಿಸಿಕೊಂಡು ಬಾರಪ್ಪಾ" ಎಂದು ಕಳಿಸಿದೆವು. ಸಂಜೆ ಬಂದ. ನಳಿಗೆಯಲ್ಲಿ ಎರಡೂವರೆ ಅಂಗುಲವೆಂದಿತ್ತು. ಅವರಪ್ಪ ಹೋದ ತಿಂಗಳು ತಂದಿಟ್ಟಿದ್ದ ಡಬ್ಬಿಯ ಮೇಲೆ 70 ಎಂದಿತ್ತು.